ಕಾರಂಜಾ, ಮುಲ್ಲಾಮಾರಿ ಹಳ್ಳಗಳ ಜೀವಿಗಳಲ್ಲಿ ವಂಶವಾಹಿ ವ್ಯತ್ಯಾಸ

ಪ್ರಶ್ನೆ (ಬೀದರ್): ಕಾರಂಜಾ ನದಿಯು ಮಾಂಜ್ರಾ ಮೂಲಕ ಗೋದಾವರಿಗೂ, ಬಸವಕಲ್ಯಾಣದ ಕಡೆಯ ಮುಲ್ಲಾಮಾರಿಯು ಕಾಗಿಣಾ, ಭೀಮಾ ಮೂಲಕ ಕೃಷ್ಣೆಗೂ ಸೇರುತ್ತವೆ. ಈ ಎರಡು ನದಿಗಳನ್ನು ಬೇರ್ಪಡಿಸುವ ದಿಣ್ಣೆಯ ಒಂದು ಬದಿಯ ಹಳ್ಳಗಳ ಏಡಿಗಳಿಗೂ ಇನ್ನೊಂದು ಬದಿಯ ಏಡಿಗಳಿಗೂ ನಡುವೆ, ಹಾಗೆಯೇ ಎರಡೂ ಬದಿಯ ಮೇಫ್ಲೈಗಳ (ಮರಿಯಾಗಿ ನೀರಿನಲ್ಲಿ ಬೆಳೆದು ರೆಕ್ಕೆ ಬರುವ ಕೀಟ) ನಡುವೆ ವಂಶವಾಹಿ ವಿನಿಮಯ ನಡೆಯಬಲ್ಲದೇ?

ಉತ್ತರ: ಅದು ಜೀವನಚಕ್ರವನ್ನು ಅವಲಂಬಿಸಿದೆ. ಸಿಹಿನೀರಿನ ಏಡಿಗೆ ನೀರಿನಲ್ಲಿ ತೇಲಾಡುವ ಲಾರ್ವಾ (ಎಳೆಮರಿ) ಹಂತವೇ ಇಲ್ಲ. ಮೊಟ್ಟೆಯೊಡೆದು ಬಂದ ಪುಟ್ಟ ಏಡಿಗಳನ್ನು ತಾಯಿ ಮಡಚಿದ ಹೊಟ್ಟೆಯಡಿಯಲ್ಲಿ ಕೆಲಕಾಲ ಹೊತ್ತು ತಿರುಗುವುದರಿಂದ ಹರಡುವಿಕೆ ನಿಧಾನವಾಗಿ, ಕಣಿವೆಯಿಂದ ಕಣಿವೆಗೆ ವ್ಯತ್ಯಾಸ ಬೆಳೆಯುವ ಸಂಭವ ಹೆಚ್ಚು. ರೆಕ್ಕೆ ಬಂದ ಮೇಫ್ಲೈ ದಿಣ್ಣೆ ದಾಟಬಲ್ಲದಾದರೂ ಅದರ ಪ್ರೌಢಾವಸ್ಥೆ ಸಾಮಾನ್ಯವಾಗಿ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ; ಆದ್ದರಿಂದ ದಾಟಲು ಸಿಗುವ ಸಮಯ ಕಡಿಮೆ.

ಇನ್ನೊಂದು ಉತ್ತರ: ಈ ವ್ಯತ್ಯಾಸ ಅಳೆಯಲು ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಜೀನ್, ಅಂದರೆ ವಂಶವಾಹಿ, ಒಂದನ್ನೇ ನಂಬಬೇಡಿ, ಅದು ಸಾಮಾನ್ಯವಾಗಿ ತಾಯಿಯಿಂದಷ್ಟೇ ಬರುವುದರಿಂದ ಗಂಡುಗಳ ಓಡಾಟ ಅದರಲ್ಲಿ ಕಾಣದು.

ಮತ್ತೊಬ್ಬರು (ಕಲಬುರಗಿ): ಮಳೆಗಾಲದಲ್ಲಿ ಏಡಿ ನೆಲದ ಮೇಲೂ ನಡೆಯುತ್ತದೆ. ಆದ್ದರಿಂದ ದಿಣ್ಣೆಯ ನೆತ್ತಿಗೆ ಹತ್ತಿರದ ಹಳ್ಳಗಳಿಂದಲೂ ಮಾದರಿ ತೆಗೆಯಿರಿ.