ಮೀಟರ್‌ನಲ್ಲಿ 66, ನಲ್ಲಿಯಲ್ಲಿ 74: ಮ್ಯಾಶ್ ಬಿಸಿ ಹಿಡಿತಕ್ಕೆ ಸಿಗುತ್ತಿಲ್ಲ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೂರು ಸಲ ಮನೆಯಲ್ಲಿ ಬಿಯರ್ ಮಾಡಿದೆ, ಮೂರು ಸಲವೂ ಅದೇ ಕಥೆ. ಯೀಸ್ಟ್ ಹಾಕುವ ಮೊದಲು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ; ಯೀಸ್ಟ್ ಸಕ್ಕರೆ ತಿಂದಂತೆ ಅಂಕಿ ಇಳಿಯಬೇಕು) 1.052 ತೋರಿಸುತ್ತದೆ. ಎರಡು ವಾರ ಬಿಟ್ಟರೂ 1.020ಕ್ಕೆ ಬಂದು ನಿಂತುಬಿಡುತ್ತದೆ. ಬಾಯಿಗಿಟ್ಟರೆ ದಪ್ಪ, ಸಿಹಿ. ಯೀಸ್ಟ್ ಬದಲಿಸಿಯೂ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ.

ನನ್ನದು 35 ಲೀಟರಿನ ಸ್ಟೀಲ್ ಪಾತ್ರೆ. ತಳದಲ್ಲಿ 2500 ವ್ಯಾಟಿನ ಕಾಯಿಲ್, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಬಟ್ಟೆ ಚೀಲದಲ್ಲಿ 5 ಕಿಲೋ ಒಡೆದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು). ನೀರು 15 ಲೀಟರ್. ಕಂಟ್ರೋಲರ್‌ನ ಸೆನ್ಸರನ್ನು ಮಾಲ್ಟಿನ ನಟ್ಟನಡುವೆ ಚುಚ್ಚಿ, 66 ಡಿಗ್ರಿಗೆ ಇಟ್ಟು, ಮ್ಯಾಶ್ ಆಗುವ, ಅಂದರೆ ಬಿಸಿನೀರಿನಲ್ಲಿ ನೆನೆದ ಮಾಲ್ಟಿನ ಪಿಷ್ಟ ಸಕ್ಕರೆಯಾಗುವ, ಒಂದು ಗಂಟೆ ಮುಚ್ಚಳ ತೆಗೆಯುವುದೇ ಇಲ್ಲ. ಮೊನ್ನೆ ಅನುಮಾನ ಬಂದು ಕೆಳಗಿನ ನಲ್ಲಿಯಿಂದ ಒಂದು ಲೋಟ ವರ್ಟ್ (ಮಾಲ್ಟಿನ ಸಿಹಿ ನೀರು) ಹಿಡಿದು ಬೇರೆ ಥರ್ಮಾಮೀಟರ್ ಇಟ್ಟೆ. 74! ಅದೇ ಹೊತ್ತಿಗೆ ಕಂಟ್ರೋಲರ್ 65.5 ತೋರಿಸುತ್ತಿತ್ತು. ಯಾವುದನ್ನು ನಂಬಲಿ?

ಉತ್ತರ 1:

ಎರಡನ್ನೂ ನಂಬಿ. ಎರಡೂ ಸರಿಯಾಗಿಯೇ ಹೇಳುತ್ತಿವೆ, ಆದರೆ ಬೇರೆ ಬೇರೆ ಜಾಗದ ಬಿಸಿ ಹೇಳುತ್ತಿವೆ.

ನೆನೆದ ಮಾಲ್ಟ್ ಅಂದರೆ ಒದ್ದೆ ಹಾಸಿಗೆ ಇದ್ದ ಹಾಗೆ. ಬಿಸಿ ಅದರೊಳಗೆ ಬಹಳ ನಿಧಾನವಾಗಿ ಹೋಗುತ್ತದೆ. ಕಾಯಿಲ್ ಕಾಯಿಸುವುದು ತಳದ ನೀರನ್ನು, ಸೆನ್ಸರ್ ಕೂತಿರುವುದು ಹಾಸಿಗೆಯ ಹೊಟ್ಟೆಯೊಳಗೆ. ನಡುವೆ ಒಂದು ಡಿಗ್ರಿ ಏರುವಷ್ಟರಲ್ಲಿ ಕೆಳಗೆ ಏಳೆಂಟು ಡಿಗ್ರಿ ಏರಿರುತ್ತದೆ.

ಇದರಿಂದ ಪೆಟ್ಟು ಬೀಳುವುದು ಬೀಟಾ ಅಮೈಲೇಸ್‌ಗೆ. ಪಿಷ್ಟದ ಸರಪಳಿಯ ತುದಿಯಿಂದ ಮಾಲ್ಟೋಸ್ ಕತ್ತರಿಸಿ ಯೀಸ್ಟ್‌ಗೆ ಕೊಡುವ ಕಿಣ್ವ ಅದು. 60ರಿಂದ 65ರ ಸುತ್ತ ಚೆನ್ನಾಗಿ ಕೆಲಸ ಮಾಡುತ್ತದೆ. 70 ದಾಟಿದರೆ ನಿಮಿಷಗಳಲ್ಲಿ ಸಾಯುತ್ತದೆ. ಆಲ್ಫಾ ಅಮೈಲೇಸ್ ಎಂಬ ಇನ್ನೊಂದು ಕಿಣ್ವ ಗಟ್ಟಿ, 70ರ ಆಸುಪಾಸಿನಲ್ಲೂ ನಡೆಯುತ್ತದೆ, ಆದರೆ ಅದು ಸರಪಳಿಯನ್ನು ಎಲ್ಲೆಂದರಲ್ಲಿ ತುಂಡರಿಸುತ್ತದೆ. ಯೀಸ್ಟ್ ತಿನ್ನಲಾಗದ ತುಂಡುಗಳು ಜಾಸ್ತಿ ಉಳಿಯುತ್ತವೆ. ಕಿಣ್ವಗಳು ಕಾಳಿನಲ್ಲೇ ಕೂತಿರುವುದಿಲ್ಲ ಅಲ್ವಾ? ನೀರಿಗೆ ಇಳಿಯುತ್ತವೆ. ಆ ನೀರು ತಳಕ್ಕೆ ಹೋಗಿ 74ರಲ್ಲಿ ಬೇಯುತ್ತಿದೆ. ನಿಮ್ಮ 1.020 ಬಂದಿರುವುದು ಅಲ್ಲಿಂದ ಅನಿಸುತ್ತದೆ.

ನನ್ನ ಸಲಹೆ: ಮ್ಯಾಶ್ ಹೊತ್ತಿನಲ್ಲಿ ಕಾಯಿಲ್ ಆಫ್ ಮಾಡಿಬಿಡಿ. ಬಿಸಿಯನ್ನೆಲ್ಲ ಮೊದಲೇ ನೀರಿಗೆ ತುಂಬಿ. ಲೆಕ್ಕ ಸುಲಭ. ಒಂದು ಕಿಲೋ ಮಾಲ್ಟಿಗೆ ಎಷ್ಟು ಲೀಟರ್ ನೀರು ನೋಡಿ, 0.41ನ್ನು ಅದರಿಂದ ಭಾಗಿಸಿ. ಬೇಕಾದ ಬಿಸಿಗೂ ಮಾಲ್ಟಿನ ಬಿಸಿಗೂ ಇರುವ ವ್ಯತ್ಯಾಸದಿಂದ ಗುಣಿಸಿ. ಬಂದದ್ದನ್ನು ಬೇಕಾದ ಬಿಸಿಗೆ ಕೂಡಿಸಿ. ನಿಮಗೆ ಕಿಲೋಗೆ 3 ಲೀಟರ್. ಮಾಲ್ಟ್ 25 ಡಿಗ್ರಿ ಇದ್ದರೆ 66ಕ್ಕೆ 41 ವ್ಯತ್ಯಾಸ. 5.6 ಬರುತ್ತದೆ. ಅಂದರೆ ನೀರು 71.6 ಇರಬೇಕು. ಮಾಲ್ಟ್ ಸುರಿದು, ಗಂಟು ಉಳಿಯದ ಹಾಗೆ ಮೂರು ನಿಮಿಷ ಚೆನ್ನಾಗಿ ಕಲಸಿ, ಮುಚ್ಚಿ, ಪಾತ್ರೆಗೆ ಎರಡು ಕಂಬಳಿ ಸುತ್ತಿ.

ಒಂದು ಗಂಟೆಯಲ್ಲಿ ಒಂದೆರಡು ಡಿಗ್ರಿ ಇಳಿದರೆ ಗಾಬರಿಯಾಗಬೇಡಿ. ಹೆಚ್ಚಿನ ಕೆಲಸ ಮೊದಲ ಅರ್ಧ ಗಂಟೆಯಲ್ಲೇ ಮುಗಿದಿರುತ್ತದೆ. ಶುರುವಿನಲ್ಲೇ 63ಕ್ಕೆ ನಿಂತರೆ ಒಂದೂವರೆ ಲೀಟರ್ ಕುದಿಯುವ ನೀರು ಹಾಕಿ ಕಲಸಿ, 66ರ ಹತ್ತಿರ ಬರುತ್ತದೆ. ಕಾಯಿಲ್ ಹಾಕಲೇಬೇಕಾದರೆ ಚೀಲ ಎತ್ತಿ ಹಿಡಿದು, ಕಲಸುತ್ತಾ ಹಾಕಿ.

ಉತ್ತರ 2:

ಪಿಐಡಿ ಕಂಟ್ರೋಲರ್ ಹಾಕಿದರೆ ಇಷ್ಟೆಲ್ಲ ಬೇಕಾಗಿಲ್ಲ. ಅದು ಗುರಿ ಹತ್ತಿರ ಬಂದಂತೆ ಕಾಯಿಲ್‌ನ ಬಲ ತಾನಾಗಿಯೇ ತಗ್ಗಿಸುತ್ತದೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಕಂಟ್ರೋಲರ್‌ನ ರಿಲೇ (ಕಾಯಿಲ್ ಆನ್-ಆಫ್ ಮಾಡುವ ಒಳಗಿನ ಸ್ವಿಚ್) ಎಷ್ಟು ಆಂಪಿಯರ್? ತುಂಬಾ ಕಡೆ 10 ಇರುತ್ತದೆ. 230 ವೋಲ್ಟಿನಲ್ಲಿ 2500 ವ್ಯಾಟ್ ಅಂದರೆ ಹತ್ತಿರ ಹತ್ತಿರ 11. ರಿಲೇ ಅಂಟಿಕೊಂಡರೆ ಕಾಯಿಲ್ ಆರುವುದೇ ಇಲ್ಲ. ನಡುವೆ ಒಂದು ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ಸ್ವಿಚ್) ಹಾಕಿಸಿ. ನೀರಿನ ಕೆಲಸ, ಅರ್ಥಿಂಗ್ ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದೆ ಪ್ಲಗ್ ಹಾಕಲೇಬೇಡಿ.

ಉತ್ತರ 1:

ರಿಲೇ ಮಾತು ನೂರಕ್ಕೆ ನೂರು ಸರಿ, ನಾನೇ ಹೇಳಬೇಕಿತ್ತು. ಆದರೆ ಪಿಐಡಿ ಒಂದರಿಂದಲೇ ಆಗುವುದಿಲ್ಲ. ಸೆನ್ಸರ್ ತಪ್ಪು ಜಾಗದಲ್ಲಿದ್ದರೆ ಅದೂ ತಪ್ಪು ಜಾಗವನ್ನೇ ಕಾಯುತ್ತದೆ. ಮೊದಲು ಪಂಪ್ ಬೇಕು. ತಳದ ವರ್ಟನ್ನು ಮೇಲಕ್ಕೆ ತಂದು ಮಾಲ್ಟಿನ ಮೇಲೆ ಸುರಿಯುತ್ತಿರಬೇಕು. ಸೆನ್ಸರ್ ಪಾತ್ರೆಯಿಂದ ವರ್ಟ್ ಹೊರಬರುವ ಪೈಪಿನಲ್ಲಿರಬೇಕು. ಕಾಯಿಲ್ ದಾಟಿ ಬಂದ ವರ್ಟ್ 66 ಮೀರದಿದ್ದರೆ ಎಲ್ಲೂ ಮೀರುವುದಿಲ್ಲ. ಹರಿವು ಕಟ್ಟಿದರೆ ಮಾತ್ರ ತಕ್ಷಣ ಕಾಯಿಲ್ ಆರಿಸಿ.

ಉತ್ತರ 3:

ಇದೆಲ್ಲಕ್ಕಿಂತ ಮೊದಲು ಎರಡೂ ಥರ್ಮಾಮೀಟರನ್ನು ಪುಡಿ ಐಸು ಮತ್ತು ನೀರಿನಲ್ಲಿ ಇಟ್ಟು ನೋಡಿ. 0 ತೋರಿಸಬೇಕು. ಆಮೇಲೆ ಎರಡನ್ನೂ ಒಂದೇ ಬಿಸಿನೀರಿನಲ್ಲಿ, 66ರ ಹತ್ತಿರ, ಪಕ್ಕಪಕ್ಕ ಹಿಡಿಯಿರಿ. ನನ್ನದೊಂದು ಐಸಿನಲ್ಲಿ ಸರಿಯಾಗಿತ್ತು, 66ರಲ್ಲಿ ಎರಡು ಡಿಗ್ರಿ ಕಮ್ಮಿ ತೋರಿಸುತ್ತಿತ್ತು. ಒಂದು ವರ್ಷ ಗೊತ್ತೇ ಆಗಲಿಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐಸಿನಲ್ಲಿ ಎರಡೂ 0 ತೋರಿಸಿದವು, 66ರಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ ಅಷ್ಟೇ. ರಿಲೇ ಮೇಲೆ 10 ಎಂದೇ ಬರೆದಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಕಾಂಟ್ಯಾಕ್ಟರ್, ಆರ್‌ಸಿಸಿಬಿ ಎರಡೂ ಹಾಕಿಸಿದೆ.

ನೀರು 72 ಮಾಡಿ ಮಾಲ್ಟ್ ಸುರಿದೆ. ಕಲಸಿದ ಮೇಲೆ ಐದು ಜಾಗದಲ್ಲಿ ಅಳೆದೆ: 66ರಿಂದ 66.5ರ ಒಳಗೆ. ಕಾಯಿಲ್ ಆಫ್, ಎರಡು ಕಂಬಳಿ. ಗಂಟೆಯ ಕೊನೆಗೆ 64.5. ನಲ್ಲಿಯಿಂದ ಹಿಡಿದದ್ದೂ 64! ಶುರುವಿನಲ್ಲಿ 1.051 ಇತ್ತು, ನಿನ್ನೆ ನೋಡಿದರೆ 1.011. ಇವತ್ತೂ ಅಷ್ಟೇ ಇದೆ. ನಾಳೆ ಬಾಟಲಿಗೆ ತುಂಬುತ್ತೇನೆ.