ಸಹಾಯ ಬೇಕು: ದೊಡ್ಡಪ್ಪನ ರೇಡಿಯೋ ದನಿ ಯಾರ ಹತ್ರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ತೀರಿಕೊಂಡಿದ್ದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಕತೆ ಬರೆದರು, ರೇಡಿಯೋದಲ್ಲಿ ಓದಿದರು, ಮುಖ ನೋಡದವರೂ ದನಿಯಲ್ಲೇ ಗುರುತು ಹಿಡಿಯುತ್ತಿದ್ದರು. ಮನೆಯವರೂ ಗೆಳೆಯರೂ ಸೇರಿ ಒಂದು ನೆನಪಿನ ಸಂಜೆ ಮಾಡುತ್ತಿದ್ದೇವೆ, ಭಾಷಣ ಕಡಿಮೆ, ಅವರ ದನಿಯೇ ಜಾಸ್ತಿ ಇರಲಿ ಅಂತ ಆಸೆ.

ಬರಹಗಳು ಸಿಕ್ಕಿವೆ. ಎಲ್ಲಾ ಹಾಳೆಯ ಒಂದೇ ಮಗ್ಗುಲಿಗೆ ಬರೆದದ್ದು, ಮೈಕ್ ಮುಂದೆ ಹಾಳೆ ಮಗುಚಿದರೆ ಸರಸರ ಸದ್ದು ಬರುತ್ತದಲ್ವಾ, ಅದಕ್ಕೆ. ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲಾ ಕೆಂಪು ಪೆನ್ಸಿಲ್ ಗೀಟು. ಆದರೆ ದನಿ ಇರುವುದು ಕೆಲವು ಕ್ಯಾಸೆಟ್ ಮತ್ತು ಒಂದು ದೊಡ್ಡ ಸ್ಪೂಲ್ ಟೇಪಿನಲ್ಲಿ ಮಾತ್ರ. ಡಬ್ಬಿಯ ಮೇಲೆ ಟೇಪ್ ಓಡುವ ವೇಗ ಸೆಕೆಂಡಿಗೆ 7.5 ಇಂಚು ಅಂತ ಬರೆದಿದೆ. ಅದನ್ನು ಹಾಕುವ ಮೆಷಿನ್ ಯಾರ ಹತ್ರ ಇದೆ? ಟೇಪ್ ವಿನಿಗರ್ ವಾಸನೆ ಹೊಡೆಯುತ್ತಿದೆ, ಹಳೇ ಅಸಿಟೇಟ್ ಟೇಪ್ ಹಾಳಾಗುವಾಗ ಹೀಗೇ ಆಗುತ್ತದೆ, ಹಾಗಾಗಿ ಸುಮ್ನೆ ಹಾಕಿ ನೋಡೋಣ ಅನ್ನುವವರು ಬೇಡ, ಕೈ ಪಳಗಿದವರೇ ಬೇಕು. 24 ಬಿಟ್ ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವ ಫೈಲ್) ಮಾಡಿಕೊಟ್ಟರೆ ಸಾಕು, ಎಂಪಿ3 ನಾವೇ ಮಾಡಿಕೊಳ್ಳುತ್ತೇವೆ.

ಇನ್ನೊಂದು, ಮನೆಯಲ್ಲಿ ರೇಡಿಯೋದಿಂದ ಟೇಪ್ ಮಾಡಿಕೊಂಡವರು ಇದ್ದರೆ ಗರಗರ ಅಂದರೂ ಪರವಾಗಿಲ್ಲ, ಇನ್‌ಬಾಕ್ಸ್‌ಗೆ ತಿಳಿಸಿ. ಆ ಕ್ಯಾಸೆಟ್ ಅಂಚಿನ ಪುಟ್ಟ ಪ್ಲಾಸ್ಟಿಕ್ ಹಲ್ಲು ಎರಡೂ ಮುರಿದಿಡಿ, ಆಮೇಲೆ ಯಾರೂ ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಮಾಡೋಕಾಗಲ್ಲ.