ಹೆರಿಟೇಜ್ ಲಿವರಿ ಎಂಜಿನ್‌ಗೆ ಕನ್ನಡದಲ್ಲಿ ಏನಂತ ಬರೆಯೋದು? (ತುರ್ತು)

ತುಮಕೂರಿನಿಂದ, ಗುರುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಬಡಾವಣೆಯಲ್ಲಿ ಫೋಟೊ ಪ್ರದರ್ಶನ ಇದೆ. ಷಿಕಾಗೊದಲ್ಲಿರುವ ಅಕ್ಕನ ಮಗ ಒಂದು ಫೋಟೊ ಕಳಿಸಿದ್ದಾನೆ. ಅದರ ಕೆಳಗೆ ಹಾಕೋಕೆ ಎರಡು ಸಾಲು ಬೇಕು. ಫ್ಲೆಕ್ಸ್ ಅಂಗಡಿಯವನು ಸಂಜೆಯೊಳಗೆ ಮ್ಯಾಟರ್ ಕೊಡಿ ಅಂತ ಕೂತಿದ್ದಾನೆ.

ಫೋಟೊದಲ್ಲಿರೋದು ಮೆಟ್ರಾ ರೈಲು. ಸುತ್ತಲ ಊರಿನವರು ಷಿಕಾಗೊಗೆ ಕೆಲಸಕ್ಕೆ ಓಡಾಡುವ ರೈಲು ಅದು. ಕೆಲವು ಎಂಜಿನ್‌ಗಳಿಗೆ, ಆ ದಾರಿಯಲ್ಲಿ ಹಿಂದೆ ರೈಲು ಓಡಿಸುತ್ತಿದ್ದ ಕಂಪನಿಗಳ ಬಣ್ಣ ಹೊಡೆದಿದ್ದಾರೆ. ಇದಕ್ಕೇ ಇಂಗ್ಲಿಷ್‌ನಲ್ಲಿ ಹೆರಿಟೇಜ್ ಲಿವರಿ ಅನ್ನೋದು. ಇದು ಮಿಲ್ವಾಕೀ ರೋಡ್ ಕಂಪನಿಯ ಕಿತ್ತಳೆ. ಆ ಕಂಪನಿ 1985ರಲ್ಲಿ ಸೂ ಲೈನ್ ಅನ್ನೋ ಇನ್ನೊಂದು ರೈಲು ಕಂಪನಿಗೆ ಮಾರಾಟವಾಯಿತು. ದಾರಿಗೆ ಮಾತ್ರ ಇವತ್ತಿಗೂ ಮಿಲ್ವಾಕೀ ಡಿಸ್ಟ್ರಿಕ್ಟ್ ಅಂತಲೇ ಹೆಸರು. ಎಂಜಿನ್ ಒಂದೇ ಕಿತ್ತಳೆ. ಹಿಂದಿನ ಎರಡಂತಸ್ತಿನ ಸ್ಟೀಲ್ ಡಬ್ಬಿಗಳು ಎಂದಿನ ಹಾಗೇ ಇವೆ.

ನಾನು ಬರೆದಿಟ್ಟದ್ದು: "ಉಪನಗರ ರೈಲಿನ ಪಾರಂಪರಿಕ ವರ್ಣದ ಲೋಕೋಮೋಟಿವ್ – ಸೆರೆಹಿಡಿದ ಕ್ಷಣ". ಓದಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ದಯವಿಟ್ಟು ಒಂದು ಪದ ಹೇಳಿ.

ಕೋಲಾರದಿಂದ

ಪಾರಂಪರಿಕ ಬೇಡ. ವರ್ಣ ಬೇಡ. ಲೋಕೋಮೋಟಿವ್ ಮೊದಲೇ ಬೇಡ.

ನಮ್ಮಲ್ಲಿ 'ಹಳಮೆ' ಇದೆ. ಹಳೆಗನ್ನಡದ ಪೞೆ, ತಮಿಳಿನ ಪೞಮೈ ನೋಡಿ. ಪಕಾರ ಹಕಾರ ಆಯ್ತು, ೞ ಹೋಗಿ ಳ ಬಂತು, ಅಷ್ಟೇ. 'ಹಳಮೆಬಣ್ಣದ ಎಳೆಬಂಡಿ' ಅಂತ ಬರೆಯಿರಿ. ಅಚ್ಚಗನ್ನಡ. ಫ್ಲೆಕ್ಸಿನಲ್ಲಿ ಜಾಗವೂ ಉಳಿಯುತ್ತೆ.

ಚಿಕ್ಕಬಳ್ಳಾಪುರದಿಂದ

ಬಣ್ಣ ಅಚ್ಚಗನ್ನಡ ಯಾವಾಗ ಆಯ್ತು? ವರ್ಣದ ತದ್ಭವ. ಒಂದನ್ನ ಬಾಗಿಲಲ್ಲಿ ತಡೆದು ಅದರ ಮಗನನ್ನ ಒಳಗೆ ಕರೆದಿದ್ದೀರಿ.

ಎಳೆಬಂಡಿ ಅಂದರೆ ಎಳೆಯುವ ಬಂಡಿ ಅಂತ ಯಾರೂ ಓದಲ್ಲ. ಎಳೆಗರು, ಎಳೆನೀರು ಓದಿ ಬೆಳೆದವರು ಎಳೇ ಬಂಡಿ ಅಂತಲೇ ಓದುತ್ತಾರೆ. ಪಾರಂಪರಿಕದಲ್ಲಿ ಏನು ತಪ್ಪು? ಪರಂಪರೆಯ ಪ ಪಾ ಆಗಿದೆ, ಆದಿವೃದ್ಧಿ ಸರಿಯಾಗೇ ಇದೆ. ಸರ್ಕಾರದ ಇಲಾಖೆ ಹೆಸರಲ್ಲೇ 'ಪರಂಪರೆ' ಇದೆ. ಮೈಸೂರಿನಲ್ಲಿ ಪಾರಂಪರಿಕ ಕಟ್ಟಡ ಅಂದರೆ ಆಟೋದವರಿಗೂ ಗೊತ್ತು. 'ಪಾರಂಪರಿಕ ಬಣ್ಣದ ಎಂಜಿನ್'. ಮುಗೀತು.

ಗುಬ್ಬಿಯಿಂದ

ಮುಗಿದಿಲ್ಲ ಮೇಷ್ಟ್ರೇ. ಪಾರಂಪರಿಕ ತತ್ಸಮ, ಬಣ್ಣ ತದ್ಭವ. ಸಂಸ್ಕೃತ, ಕನ್ನಡ ಬೆರೆಸಿದ ಅರಿಸಮಾಸ ದೋಷ ಆಗಲ್ವಾ?

ಚಿಕ್ಕಬಳ್ಳಾಪುರದಿಂದ

ಬಿಡಿಸಿ ಬರೆದ ವಿಶೇಷಣಕ್ಕೆ ಯಾವ ಸಮಾಸ? ಸಮಾಸವೇ ಇಲ್ಲ, ದೋಷ ಎಲ್ಲಿಂದ ಬರುತ್ತೆ? ಮುಂದಿನವರು ಮಾತಾಡಿ.

ದಾಬಸ್‌ಪೇಟೆಯಿಂದ

ನಾನು ರೈಲಿನ ಫೋಟೊ ತೆಗೆಯೋನು. ವ್ಯಾಕರಣ ನಿಮಗೇ ಬಿಟ್ಟೆ. ಆದರೆ 'ಪಾರಂಪರಿಕ ಬಣ್ಣ' ಅಂತ ತುಮಕೂರಿನಲ್ಲಿ ಬೋರ್ಡ್ ಹಾಕಿದರೆ ಜನ ಚನ್ನಪಟ್ಟಣದ ಬೊಂಬೆಯ ಅರಗಿನ ಬಣ್ಣ ಅಂದುಕೊಳ್ಳುತ್ತಾರೆ. ಗಿಡಮೂಲಿಕೆ ಬಣ್ಣನಾ ಅಂತಲೂ ಕೇಳಬಹುದು. 'ಹಳೆ ಬಣ್ಣದ ಎಂಜಿನ್' ಅಂದರೆ ಇನ್ನೂ ಕಷ್ಟ. ಬಣ್ಣ ಮಾಸಿದ ಎಂಜಿನ್ ಅಂತ ಆಗುತ್ತೆ. ಫೋಟೊದಲ್ಲಿ ನೋಡಿದರೆ ಅದು ಲಕಲಕ ಅಂತಿದೆ.

ಇಲ್ಲಿ ಹಳೆಯದು ಎಂಜಿನ್ನೂ ಅಲ್ಲ, ಪೇಂಟೂ ಅಲ್ಲ. ಬಣ್ಣ ಹಚ್ಚುವ ಮಾದರಿ ಹಳೆಯದು. ಮೆಟ್ರಾದ ಎಂಪಿ36 ಎಂಜಿನ್‌ಗಳು ಬಂದದ್ದೇ 2003-04ರಲ್ಲಿ, ಮಿಲ್ವಾಕೀ ರೋಡ್ ಹೋಗಿ ಎಷ್ಟೋ ವರ್ಷದ ಮೇಲೆ. ಈ ಪದ್ಧತಿ ಅಮೆರಿಕದ ಗೂಡ್ಸ್ ಕಂಪನಿಗಳಲ್ಲಿ ಜೋರಾಗಿ ನಡೆದಿದೆ. ಯೂನಿಯನ್ ಪೆಸಿಫಿಕ್ 2005-06ರಲ್ಲಿ ತಾನು ನುಂಗಿದ ಆರು ಕಂಪನಿಗಳ ಹೆಸರಲ್ಲಿ ಆರು ಎಂಜಿನ್ ಮಾಡಿತು. ನಂಬರ್ ಕೊಟ್ಟ ರೀತಿ ಇನ್ನೂ ಮಜಾ. ಮಿಸೌರಿ ಪೆಸಿಫಿಕ್ ಎಂಜಿನ್‌ಗೆ 1982, ಸದರ್ನ್ ಪೆಸಿಫಿಕ್‌ಗೆ 1996. ಆ ಕಂಪನಿ ತನ್ನೊಳಗೆ ಸೇರಿದ ಇಸವಿಯೇ ಎಂಜಿನ್ ನಂಬರು. ನಾರ್ಫೋಕ್ ಸದರ್ನ್ 2012ರಲ್ಲಿ ಮೂವತ್ತು ವರ್ಷ ತುಂಬಿದ್ದಕ್ಕೆ ಒಂದೇ ಸಲ 20 ಮಾಡಿತು.

ಇನ್ನು 'ಸೆರೆಹಿಡಿದ'. ಎಂಜಿನ್ ಏನು ಕಳ್ಳನಾ? ಫೋಟೊ ತೆಗೆದೆ ಅಂದರೆ ಸಾಲದಾ?

ಆ ಹುಡುಗ ಸುಮ್ನೆ ನಿಂತು ಕ್ಲಿಕ್ ಮಾಡಿಲ್ಲ, ಅದನ್ನೂ ಹೇಳಬೇಕು. ಮೆಟ್ರಾದಲ್ಲಿ ಎಂಜಿನ್ ಇರೋದು ಊರಾಚೆಯ ತುದಿಗೆ. ಷಿಕಾಗೊ ಬಿಟ್ಟು ಹೋಗುವಾಗ ಮುಂದೆ ಎಳೆಯುತ್ತೆ. ವಾಪಸ್ ಬರುವಾಗ ಹಿಂದಿನಿಂದ ತಳ್ಳುತ್ತೆ, ಆಗ ಡ್ರೈವರ್ ಕೂರೋದು ಮುಂದಿನ ಡಬ್ಬಿಯ ಕ್ಯಾಬಿನ್‌ನಲ್ಲಿ. ಹಾಗಾಗಿ ಬೆಳಿಗ್ಗೆ ಊರೊಳಗೆ ಬರುವ ರೈಲಿಗೆ ಕಾದು ನಿಂತರೆ ಕಿತ್ತಳೆ ಎಂಜಿನ್ ಬಾಲದಲ್ಲಿ ಸಿಗುತ್ತೆ, ಮೂತಿ ನೆರಳಲ್ಲಿ. ಸಂಜೆ ಎಲ್ಜಿನ್ ಕಡೆ ಪಶ್ಚಿಮಕ್ಕೆ ಹೊರಟ ರೈಲು ಬೇಕು. ಮುಳುಗೋ ಬಿಸಿಲು ಸೀದಾ ಎಂಜಿನ್ ಮೂತಿಗೇ ಹೊಡೆಯುತ್ತೆ. ಆಗ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡೋ ಬೆಳಕು, ಸ್ವಲ್ಪ ಇಳಿಸದಿದ್ದರೆ ಕಿತ್ತಳೆಯೆಲ್ಲ ಒಂದೇ ಮುದ್ದೆ. ಈ ಫೋಟೊದಲ್ಲಿ ಮೂತಿಯ ಮೇಲಿನ ರಿವೆಟ್ಟು, ಕೈಹಿಡಿ, ಗಾಜಿನ ಅಂಚು ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿವೆ.

ಹಿರೇಹಳ್ಳಿ, ನಿಡವಂದದಲ್ಲಿ ಇದನ್ನ ನೋಡಿ ಹಳಿ ಮೇಲೆ ನಿಲ್ಲೋಕೆ ಹೋಗಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಇದೆ.

ಕೋಲಾರದಿಂದ

ಅಂದರೆ ಹೆರಿಟೇಜ್ ಇಲ್ಲಿ ಪಿತ್ರಾರ್ಜಿತ. ಅದಕ್ಕೆ ಕನ್ನಡ ಇದೆ: ಬಳುವಳಿ. 'ಬಳುವಳಿ ಬಣ್ಣ'.

ಗುಬ್ಬಿಯಿಂದ

ಬಳುವಳಿ ಅಂದರೆ ಮಗಳಿಗೆ ಮದುವೆಯಲ್ಲಿ ಕೊಟ್ಟು ಕಳಿಸೋದು ಅಲ್ವಾ? ಎಂಜಿನ್‌ಗೆ ಯಾವ ಮದುವೆ?

ಕೋಲಾರದಿಂದ

ಒಂದು ಕಂಪನಿ ಇನ್ನೊಂದರ ಮನೆ ಸೇರಿತು. ತವರಿನ ಬಣ್ಣ ತಂದಿತು. ಇದಕ್ಕಿಂತ ಇನ್ನೇನು ಬೇಕು?

ಚಿಕ್ಕಬಳ್ಳಾಪುರದಿಂದ

ಪದ ಚೆನ್ನಾಗಿದೆ. ಬೋರ್ಡಿಗೆ ಬೇಡ. ಕೆಳಗೆ ಇನ್ನೊಂದು ಬೋರ್ಡ್ ಹಾಕಿ ಅರ್ಥ ಹೇಳಬೇಕಾಗುತ್ತೆ.

ಲಿವರಿಗೆ ಯಾರೂ ಏನೂ ಹೇಳಿಲ್ಲ. ಅದರ ಮೂಲ ಅರ್ಥ ಒಡೆಯ ತನ್ನ ಆಳುಗಳಿಗೆ ಕೊಡುತ್ತಿದ್ದ ಉಡುಪು. ಆದ್ದರಿಂದ 'ಸಮವಸ್ತ್ರ'ವನ್ನೂ ಯೋಚಿಸಬಹುದು.

ದಾಬಸ್‌ಪೇಟೆಯಿಂದ

ಎಂಜಿನ್‌ಗೆ ಸಮವಸ್ತ್ರ! ಸೋಮವಾರ ಪ್ರಾರ್ಥನೆಗೂ ನಿಲ್ಲಿಸೋಣ.

ಕ್ಯಾತಸಂದ್ರದಿಂದ

ನಾನು ರೈಲ್ವೆಯಲ್ಲಿದ್ದು ರಿಟೈರ್ ಆದವನು. ಇಷ್ಟೊತ್ತು ಓದಿ ಸುಮ್ಮನಿದ್ದೆ.

ಶೆಡ್ಡಲ್ಲಿ ಯಾರೂ ಲೋಕೋಮೋಟಿವ್ ಅನ್ನಲ್ಲ, ಲೋಕೋ ಅಂತಾರೆ. ಸ್ಟೇಷನ್ನಲ್ಲಿ ನಿಂತ ಜನ ಎಂಜಿನ್ ಅಂತಾರೆ. ಲಿವರಿ ಅನ್ನೋದು ಕಾಗದದ ಮೇಲೆ. ಪಿಒಎಚ್, ಅಂದರೆ ನಿಗದಿತ ಅವಧಿಯ ದೊಡ್ಡ ರಿಪೇರಿ, ಮುಗಿಸಿ ಹೊಸ ಪೇಂಟಲ್ಲಿ ಬಂದರೆ 'ಬಣ್ಣ ಹೊಡೆಸಿಕೊಂಡು ಬಂದಿದೆ' ಅಂತಿದ್ದೆವು. ಅಮೃತ ಮಹೋತ್ಸವದ ವರ್ಷ ತ್ರಿವರ್ಣ ಹಾಕಿದ ಎಂಜಿನ್‌ಗಳು ಓಡಾಡಿದವು. ಅವನ್ನ ಜನ ಏನಂದರು? 'ಅಮೃತ ಮಹೋತ್ಸವದ ಬಣ್ಣ' ಅಂದರು. ಯಾರೂ ಸ್ಮಾರಕ ವರ್ಣ, ಉತ್ಸವ ವರ್ಣ ಅಂತ ಹುಡುಕಿಕೊಂಡು ಹೋಗಲಿಲ್ಲ. ಯಾರ ಬಣ್ಣ ಅಂತ ಹೇಳಿದರೆ ಕೆಲಸ ಮುಗೀತು.

ನಮ್ಮ ದಾರಿಗೆ ರೈಲು ಬಂದದ್ದು 1884ರಲ್ಲಿ, ಮೈಸೂರು ಸಂಸ್ಥಾನದ ಕಾಲ, ಮೀಟರ್ ಗೇಜು. ನಾಳೆ ಒಂದು ಎಂಜಿನ್‌ಗೆ ಆ ಕಾಲದ ಬಣ್ಣ ಹೊಡೆದು ತುಮಕೂರಿಗೆ ಕಳಿಸಿದರೆ 'ಮೈಸೂರು ಸ್ಟೇಟ್ ರೈಲ್ವೆ ಬಣ್ಣದ ಎಂಜಿನ್' ಅಂತೀವಿ. ಅಮೆರಿಕದ್ದಕ್ಕೂ ಹಾಗೇ ಬರೆಯಿರಿ. 'ಮಿಲ್ವಾಕೀ ರೋಡ್ ಬಣ್ಣದ ಎಂಜಿನ್'. ಇಲ್ಲಿನವರಿಗೆ ಆ ಹೆಸರು ಗೊತ್ತಿಲ್ಲ ಅಂದರೆ 'ಹಳೇ ಕಂಪನಿಯ ಬಣ್ಣ' ಅನ್ನಿ.

'ಉಪನಗರ ರೈಲು' ಅಂತಲೂ ಬೇಡ. ತುಮಕೂರಿನಲ್ಲಿ ಪಾಸ್ ಇಟ್ಟುಕೊಂಡು ಓಡಾಡೋರು ಯಾರಾದರೂ ನಾನು ಉಪನಗರ ರೈಲಲ್ಲಿ ಬಂದೆ ಅಂತಾರಾ? ಮೆಮು ಅಂತಾರೆ, ಲೋಕಲ್ ಅಂತಾರೆ. ಮೊದಲು ಬಂಗಾರಪೇಟೆ ಕಡೆಯವರು ಪುಷ್‌ಪುಲ್ ಅಂತಿದ್ದರು.

ಕೋಲಾರದಿಂದ

ಜನ ಹೇಳಿದ್ದೆಲ್ಲ ಕನ್ನಡ ಆದರೆ ನಾವಿಲ್ಲಿ ಯಾಕೆ ಕೂತಿದ್ದೀವಿ? ಬೆಂಗಳೂರಿನ ಉಪನಗರ ರೈಲಿನ ನಾಲ್ಕು ದಾರಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರಿಟ್ಟಿದ್ದಾರೆ. ಮನಸ್ಸು ಮಾಡಿದರೆ ಆಗುತ್ತೆ.

ಕ್ಯಾತಸಂದ್ರದಿಂದ

ಪಾರಿಜಾತ ಯಾವ ಅಚ್ಚಗನ್ನಡ ಸಾರ್?

ದಾಬಸ್‌ಪೇಟೆಯಿಂದ

ಬಂದ ಪದಕ್ಕೆ ಯಾಕೆ ಇಷ್ಟು ಭಯ? ಬೋಗಿ ತಗೊಳ್ಳಿ. ಇಂಗ್ಲಿಷ್‌ನವರಿಗೆ ಅದು ಡಬ್ಬಿಯ ಕೆಳಗಿನ ಚಕ್ರದ ಚೌಕಟ್ಟು. ನಾವು ಇಡೀ ಡಬ್ಬಿಗೇ ಆ ಹೆಸರಿಟ್ಟು, 'ಬೋಗಿಯಲ್ಲಿ ಸೀಟಿಲ್ಲ' ಅಂತ ಜಗಳವಾಡ್ತಾ ಹೋಗ್ತೀವಿ. ಅದು ಈಗ ನಮ್ಮದು. ಅವರು ಬಂದು ವಾಪಸ್ ಕೇಳಲಿ ನೋಡೋಣ.

ಗುಬ್ಬಿಯಿಂದ

ವಿಷಯಕ್ಕೆ ಸಂಬಂಧ ಇಲ್ಲ, ಆದರೂ. ಬೋರ್ಡಿನಲ್ಲಿ ತುಮಕೂರು ಅಂತ ಬರುತ್ತೆ ಅಲ್ವಾ? ಅದು ತುಂಬೆ ಗಿಡದಿಂದ ಬಂದ ತುಂಬೆಗೂರು ಅಂತ ಕೆಲವರು ಹೇಳ್ತಾರೆ. ಟಮಕಿ ಬಾರಿಸುತ್ತಿದ್ದ ಊರು ಅಂತ ಇನ್ನು ಕೆಲವರು.

ಚಿಕ್ಕಬಳ್ಳಾಪುರದಿಂದ

ಶುರುವಾಯ್ತು. ಇದನ್ನ ಬೇರೆ ವಿಷಯದಲ್ಲಿ ಹಾಕಿ.

ತುಮಕೂರಿನಿಂದ, ಗುರುವಾರ ಸಂಜೆ

ಎಲ್ಲರಿಗೂ ಧನ್ಯವಾದ. ಮ್ಯಾಟರ್ ಕೊಟ್ಟು ಬಂದೆ.

"ಹಳೇ ಕಂಪನಿಯ ಬಣ್ಣದಲ್ಲಿ ಈಗಿನ ಎಂಜಿನ್
ಮೆಟ್ರಾ ಲೋಕಲ್ ರೈಲು, ಷಿಕಾಗೊ"

ಮಿಲ್ವಾಕೀ ರೋಡ್ ಹೆಸರು ಹಾಕೋಣ ಅಂತಿತ್ತು, ಜಾಗ ಸಾಲಲಿಲ್ಲ. ಕ್ಯಾತಸಂದ್ರದವರ ಮಾತೇ ಸರಿ ಅನ್ನಿಸ್ತು. ಬಳುವಳಿ ಅಕ್ಕನಿಗೆ ತುಂಬಾ ಇಷ್ಟ ಆಯ್ತು. ಮಗನಿಗೆ ಫೋನ್ ಮಾಡಿ ಹೇಳಿದ್ದಾರೆ. ಅಂಗಡಿ ಹುಡುಗ ಮೆಟ್ರಾ ಅನ್ನೋದನ್ನ ತಪ್ಪು ಅಂತ ತಿಳಿದು ಮೆಟ್ರೋ ಮಾಡಿಬಿಟ್ಟಿದ್ದ. ಪಕ್ಕದಲ್ಲೇ ನಿಂತು ತಿದ್ದಿಸಿದೆ.

ಕೋಲಾರದಿಂದ

ಕಂಪನಿ, ಎಂಜಿನ್, ಲೋಕಲ್, ರೈಲು. ನಾಲ್ಕು ಹೊರಗಿನವು. ಬಣ್ಣ ತದ್ಭವ ಅಂತ ಮೇಷ್ಟ್ರೇ ಹೇಳಿದ್ದಾರೆ. ನಮ್ಮದು ಅಂತ ಉಳಿದದ್ದು 'ಹಳೇ' ಮತ್ತು 'ಈಗಿನ'.

ಚಿಕ್ಕಬಳ್ಳಾಪುರದಿಂದ

ಷಷ್ಠಿ, ಸಪ್ತಮಿ ಪ್ರತ್ಯಯ ಎಣಿಸಿಲ್ಲ ನೀವು.

ಕೋಲಾರದಿಂದ

ಎಣಿಸಿದ್ದೀನಿ. ಸಾಲದು. 'ಲೋಕಲ್' ಬಗ್ಗೆ ನಾಳೆ ಬೇರೆಯಾಗಿ ಬರೀತೀನಿ.